ಸೋತ ತಂಡದ ನಂಟರು

ಲೋಕದಲ್ಲಿ ಮನುಷ್ಯನು ಪಡುವ ದುಃಖಗಳನ್ನು ಎರಡು ಬಗೆಯಾಗಿ ವಿಂಗಡಿಸಬಹುದು. ಮನೆಗೆ ಬಂದ ಕಷ್ಟ, ಮೈಗೆ ಬಂದ ಬೇನೆ, ಕೈಬಿಟ್ಟುಹೋದ ಹಣ, ಅಗಲಿದ ಬಂಧು, ಇವುಗಳಿಂದ ಉಂಟಾಗುವುದು ಒಂದು ಬಗೆ. ಇದಕ್ಕೆ ಕಾರಣವೇನೆಂದು ಯಾರೂ ಕೇಳುವುದಿಲ್ಲ. ನೆರೆಯವರು ಬಂದು ಎರಡು ಸಮಾಧಾನದ ಮಾತನ್ನಾಡಿ ಹೋಗುತ್ತಾರೆ. ಎರಡನೆಯ ಬಗೆಯ ದುಃಖವೋ, ಮನುಷ್ಯನು ತಾನಾಗಿಯೇ ಹುಡುಕಿಕೊಂಡು ಹೋಗಿ ತಂದುಕೊಂಡದ್ದು. ಅದರಿಂದ ಅವನಿಗೆ ಕಾಸಿನ ಲಾಭವೂ ಇಲ್ಲ, ಕಾಸಿನ ನಷ್ಟವೂ ಇಲ್ಲ. ಆಡಿದವರು ಅವನ ಮನೆಯವರಲ್ಲ. ಅನೇಕ ವೇಳೆ ಅವನ ಊರಿನವರು ಕೂಡ ಅಲ್ಲ. ಆದರೂ ಹನ್ನೊಂದು ಮಂದಿ ಹುಲ್ಲಿನ ಮೇಲೆ ಚೆಂಡನ್ನು ಒದೆಯುವ ಕೆಲಸದಲ್ಲಿ ಇನ್ನು ಹನ್ನೊಂದು ಮಂದಿಗಿಂತ ಹಿಂದೆ ಬಿದ್ದರೆಂದು ಅವನಿಗೆ ಅನ್ನ ಸೇರುವುದಿಲ್ಲ, ನಿದ್ರೆ ಹತ್ತುವುದಿಲ್ಲ, ಮಾತನಾಡಿಸಿದವರ ಮೇಲೆ ಸಿಡುಕುತ್ತಾನೆ.

ಈ ಎರಡನೆಯ ಬಗೆಯ ದುಃಖಕ್ಕೆ ನಮ್ಮ ವಿದ್ಯಾವಂತ ಮನೆಗಳಲ್ಲಿ ಮರ್ಯಾದೆ ಕಡಮೆ. ಕಾವ್ಯವನ್ನೋದಿ ಕಣ್ಣೀರಿಟ್ಟವನನ್ನು ಸಹೃದಯನೆನ್ನುತ್ತೇವೆ. ಸಂಗೀತವನ್ನು ಕೇಳಿ ಮೈಮರೆತವನನ್ನು ರಸಿಕನೆನ್ನುತ್ತೇವೆ. ಕಾಲ್ಚೆಂಡಿನ ತಂಡವೊಂದು ಸೋತಿತೆಂದು ಊಟ ಬಿಟ್ಟವನನ್ನು ಮಾತ್ರ ಹುಚ್ಚನೆನ್ನುತ್ತೇವೆ. ಅವನ ಸಿಟ್ಟನ್ನು ಕಂಡರಂತೂ ನಮಗೆ ನಗೆ. ಆ ಸಿಟ್ಟನ್ನು ಕೆಲವು ವರ್ಷಗಳಿಂದ ಬಹು ಹತ್ತಿರದಿಂದ ನೋಡುತ್ತ ಬಂದಿರುವ ಕಾರಣ, ಅದರ ಪರವಾಗಿ ನಾಲ್ಕು ಮಾತು ಹೇಳಬೇಕೆಂದು ಈ ಬರಹಕ್ಕೆ ತೊಡಗಿದ್ದೇನೆ.

ನಮ್ಮಣ್ಣನ ಮಗ ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದಾನೆ. ವಿಜಯನಗರದಲ್ಲಿ ಅವನ ಬಿಡಾರ. ತಿಂಗಳಿಗೊಮ್ಮೆಯೋ ಎರಡು ಸಲವೋ ನಾನು ತುಮಕೂರಿನಿಂದ ರೈಲು ಹತ್ತಿ ಅವನಲ್ಲಿಗೆ ಹೋಗಿ ಬರುವುದುಂಟು. ಹುಡುಗ ಸಾಧು, ಮಿತಭಾಷಿ, ಹಿರಿಯರಲ್ಲಿ ವಿನಯವುಳ್ಳವನು. ಆದರೆ ಬೆಂಗಳೂರು ಎಫ್‌.ಸಿ. ಎಂಬ ಕಾಲ್ಚೆಂಡಿನ ತಂಡದ ವಿಷಯ ಬಂದಾಗ ಈ ಗುಣಗಳೆಲ್ಲ ಸ್ವಲ್ಪ ಹೊತ್ತು ಅವನನ್ನು ಬಿಟ್ಟು ಹೊರಗೆ ನಿಲ್ಲುತ್ತವೆ. ಆಟದ ದಿನ ನೀಲಿಯ ಅಂಗಿ ತೊಟ್ಟು ಕಂಠೀರವ ಕ್ರೀಡಾಂಗಣದ ಪಶ್ಚಿಮದ ಗ್ಯಾಲರಿಯಲ್ಲಿ, ವೆಸ್ಟ್ ಬ್ಲಾಕ್ ಬ್ಲೂಸ್ ಎಂದು ಹೆಸರಿಟ್ಟುಕೊಂಡಿರುವ ಬೆಂಬಲಿಗರ ನಡುವೆ ನಿಂತು, ಗಂಟಲು ಕಟ್ಟುವವರೆಗೆ ಹಾಡುತ್ತಾನೆ. ಕುಳಿತುಕೊಳ್ಳುವುದಕ್ಕೆ ಟಿಕೇಟು ಕೊಂಡು ತೊಂಬತ್ತು ನಿಮಿಷವೂ ನಿಂತೇ ಇರುವ ಜನರನ್ನು ನಾನು ಕಂಡದ್ದು ಅಲ್ಲಿಯೇ ಮೊದಲು.

ಈ ತಂಡದ ಕಥೆಯನ್ನು ಅರಿಯದ ವಾಚಕರಿಗಾಗಿ ಎರಡು ಮಾತು. ಇದು ಹುಟ್ಟಿದ್ದು 2013ರಲ್ಲಿ. ತೊಟ್ಟಿಲಲ್ಲಿದ್ದಾಗಲೇ ಇದಕ್ಕೆ ರಾಜಯೋಗ ಬಂದಿತು. ಆಡಿದ ಮೊದಲನೆಯ ಸಾಲಿನಲ್ಲಿಯೇ, 2013-14ರಲ್ಲಿ, ಐ-ಲೀಗನ್ನು ಗೆದ್ದಿತು; 2015-16ರಲ್ಲಿ ಮತ್ತೆ ಗೆದ್ದಿತು. 2016ರಲ್ಲಿ ಎ.ಎಫ್‌.ಸಿ. ಕಪ್ಪಿನ ಕಡೆಯ ಪಂದ್ಯವನ್ನು ಮುಟ್ಟಿತು. ಭಾರತದ ಯಾವ ತಂಡವೂ ಅದಕ್ಕೆ ಮೊದಲು ಅಷ್ಟು ದೂರ ಹೋಗಿರಲಿಲ್ಲ. 2019ರ ಮಾರ್ಚಿಯಲ್ಲಿ ಮುಂಬಯಿಯಲ್ಲಿ ಗೋವೆಯ ತಂಡವನ್ನು ಹೆಚ್ಚುವರಿ ಸಮಯದ ಒಂದೇ ಗೋಲಿನಿಂದ ಸೋಲಿಸಿ ಇಂಡಿಯನ್ ಸೂಪರ್ ಲೀಗಿನ ಪ್ರಶಸ್ತಿಯನ್ನು ತಂದಿತು. ಹೀಗೆ ಗೆಲುವಿನ ಹಾಲು ಕುಡಿದು ಬೆಳೆದ ಕೂಸು ಇದು. ಇದರೊಡನೆ ಬೆಳೆದ ಹುಡುಗರು ಗೆಲ್ಲುವುದೇ ತಂಡದ ಸ್ವಭಾವವೆಂದು ತಿಳಿದರೆ ಅದರಲ್ಲಿ ಆಶ್ಚರ್ಯವೇನು? ಕಷ್ಟವನ್ನು ಕಂಡು ಬೆಳೆದ ಮಗುವಿಗೆ ಉಪವಾಸ ಅಷ್ಟಾಗಿ ಕಾಣುವುದಿಲ್ಲ; ಸಿರಿಯಲ್ಲಿ ಬೆಳೆದುದಕ್ಕೆ ಒಂದು ಹೊತ್ತಿನ ಊಟ ತಪ್ಪಿದರೂ ಲೋಕ ಮುಳುಗುತ್ತದೆ.

2023ರ ಡಿಸೆಂಬರು 8ನೆಯ ತಾರೀಖು ಶುಕ್ರವಾರ ಹುಡುಗನ ಒತ್ತಾಯಕ್ಕೆ ನಾನೂ ಕಂಠೀರವಕ್ಕೆ ಹೋಗಿದ್ದೆನು. ಎದುರಾಳಿ ಮುಂಬಯಿ ಸಿಟಿ ತಂಡ. ರಾತ್ರಿಯ ಚಳಿ, ದೀಪಗಳ ಬೆಳಕಿನಲ್ಲಿ ಹಸುರುಹಾಸಿನಂತೆ ಮಿನುಗುವ ಹುಲ್ಲು, ತಮಟೆಯ ಸದ್ದು. ಮೊದಮೊದಲಿಗೆ ಎಲ್ಲವೂ ಜಾತ್ರೆಯ ಹಾಗಿತ್ತು. ಆ ಆಟದ ವಿವರ ನನ್ನಂಥವನಿಂದ ಆಗತಕ್ಕ ಕೆಲಸವಲ್ಲ. ನಾನು ನೋಡುತ್ತಿದ್ದದ್ದು ಹುಲ್ಲಿನ ಮೇಲಿದ್ದವರನ್ನಲ್ಲ, ನಮ್ಮ ಸಾಲಿನಲ್ಲಿದ್ದವರನ್ನು. ಮೊದಲನೆಯ ಗೋಲಿಗೆ ಅವರು ಒಂದು ಗಳಿಗೆ ಸುಮ್ಮನಾಗಿ, ಮತ್ತೆ ಮೊದಲಿಗಿಂತ ಗಟ್ಟಿಯಾಗಿ ಹಾಡಿದರು. ಎರಡನೆಯದಕ್ಕೆ ಬಯ್ದರು. ಮೂರನೆಯದಕ್ಕೆ ಒಂದಿಬ್ಬರು ನಕ್ಕರು. ಬಯ್ಗುಳಕ್ಕಿಂತ ಆ ನಗೆ ಕೇಳುವುದಕ್ಕೆ ಕಷ್ಟವಾಗಿತ್ತು. ನಾಲ್ಕನೆಯದಾದ ಮೇಲೆ ನಮ್ಮ ಮುಂದಿನ ಸಾಲಿನ ಗೃಹಸ್ಥರೊಬ್ಬರು ಹೆಗಲ ಮೇಲೆ ಮಲಗಿದ್ದ ಮಗುವಿಗೆ ಶಾಲು ಹೊದಿಸಿ, ಯಾರ ಮುಖವನ್ನೂ ನೋಡದೆ ಮೆಟ್ಟಿಲಿಳಿದು ಹೋದರು. ನಾಲ್ಕಕ್ಕೆ ಸೊನ್ನೆ, ಅದೂ ಸ್ವಂತ ಅಂಗಳದಲ್ಲಿ. ಅಷ್ಟರಲ್ಲಿಯೂ ಒಂದು ಮೂಲೆಯಲ್ಲಿ ಕೆಲವರು ತಮಟೆಯನ್ನು ನಿಲ್ಲಿಸಿರಲಿಲ್ಲ.

ಕಬ್ಬನ್ ಪಾರ್ಕಿನ ಮೆಟ್ರೋ ನಿಲ್ದಾಣದವರೆಗೆ ಹುಡುಗ ತುಟಿ ಬಿಚ್ಚಲಿಲ್ಲ. ರೈಲಿನಲ್ಲಿ ಕುಳಿತ ಮೇಲೆ, "ಹೋಗಲಿ ಬಿಡಪ್ಪ, ಆಟವೆಂದ ಮೇಲೆ ಸೋಲು ಗೆಲುವು ಇದ್ದದ್ದೇ" ಎಂದೆನು.

"ಚಿಕ್ಕಪ್ಪ, ದಯವಿಟ್ಟು ಆ ಮಾತೊಂದು ಹೇಳಬೇಡಿ" ಎಂದನು. ಸ್ವಲ್ಪ ಹೊತ್ತಾದ ಮೇಲೆ ತಾನೇ, "ಅವರು ಆಡಲೇ ಇಲ್ಲ ಚಿಕ್ಕಪ್ಪ. ನಾವು ಸೋತುಹೋದೆವು" ಎಂದನು.

ಈ ಎರಡು ವಾಕ್ಯಗಳು ನನ್ನ ಮನಸ್ಸಿನಲ್ಲಿ ನೆಟ್ಟುಕೊಂಡವು. ಗೆದ್ದಾಗ ‘ನಾವು’ ಎನ್ನುವುದು, ಸೋತಾಗ ‘ಅವರು’ ಎನ್ನುವುದು ಲೋಕದ ರೂಢಿ. ಪರೀಕ್ಷೆಯಲ್ಲಿ ತೇರ್ಗಡೆಯಾದ ಹುಡುಗ ‘ನಮ್ಮ’ ಮಗ. ತೇರ್ಗಡೆಯಾಗದಿದ್ದರೆ ಗಂಡನು ಹೆಂಡತಿಗೆ ‘ನಿನ್ನ’ ಮಗನೆನ್ನುತ್ತಾನೆ. ಚುನಾವಣೆಯಲ್ಲಿ ಗೆದ್ದ ಪಕ್ಷಕ್ಕೆ ಮರುದಿನ ಬೆಳಗಾಗುವುದರೊಳಗೆ ಎಷ್ಟು ಮಂದಿ ನಂಟರು! ಆದರೆ ಇಲ್ಲಿ ತಪ್ಪು ಮಾಡಿದವರು ‘ಅವರು’. ಅದನ್ನು ಉಣ್ಣುವವರು ‘ನಾವು’. ಕರ್ತೃಪದ ಅವರದು, ಕರ್ಮಫಲ ನಮ್ಮದು. ವ್ಯಾಕರಣವನ್ನು ಹೀಗೆ ತಿರುಗುಮುರುಗು ಮಾಡಿಸುವ ಬಾಂಧವ್ಯ ಲೋಕದಲ್ಲಿ ಬಹಳವಾಗಿಲ್ಲ. ದಾರಿ ತಪ್ಪಿದ ತಮ್ಮನ ವಿಷಯದಲ್ಲಿ ಅಣ್ಣನು ಹೀಗೆ ಮಾತನಾಡುವುದುಂಟು. ಮನೆಗೆ ಕೆಟ್ಟ ಹೆಸರು ತಂದ ಮಗನ ವಿಷಯದಲ್ಲಿ ತಂದೆ ಹೀಗೆ ಮಾತನಾಡುವುದುಂಟು.

ಮರುದಿನ ಶನಿವಾರ, ತಂಡದ ಮುಖ್ಯ ತರಬೇತುದಾರರಾದ ಸೈಮನ್ ಗ್ರೇಸನ್ ಎಂಬ ಇಂಗ್ಲೆಂಡಿನವರು ತಂಡದಿಂದ ಬೇರೆಯಾದರೆಂದು ಪ್ರಕಟವಾಯಿತು. ಅದೇ ತರಬೇತುದಾರರ ಕೈಕೆಳಗೆ ತಂಡವು 2022ರಲ್ಲಿ ಡುರಾಂಡ್ ಕಪ್ಪನ್ನು ಗೆದ್ದಿತ್ತು. 2023ರ ಮಾರ್ಚಿಯಲ್ಲಿ ಲೀಗಿನ ಕಡೆಯ ಪಂದ್ಯಕ್ಕೆ ಹೋಗಿ ಪೆನಾಲ್ಟಿಗಳಲ್ಲಿ ಸೋತಿತ್ತು. ಒಂಬತ್ತು ತಿಂಗಳೊಳಗೆ ಗಾಳಿ ತಿರುಗಿತು. ಗ್ಯಾಲರಿಯ ಜನರಲ್ಲಿ ಕೆಲವರಿಗೆ ಇದರಿಂದ ಸಮಾಧಾನವಾಗಿರಬಹುದು. ನಮ್ಮ ಹುಡುಗನಿಗೆ ಆಗಲಿಲ್ಲ. ನನಗಾದರೋ ನಮ್ಮ ಸೀಮೆಯ ಬಯಲಾಟ ನೆನಪಿಗೆ ಬಂದಿತು. ಕರ್ಣಾರ್ಜುನರ ಕಾಳಗದ ಪ್ರಸಂಗವನ್ನು ಆಡುವಾಗ ಕರ್ಣನು ಸಾಯುವನೆಂಬುದು ಮುಂದೆ ಕುಳಿತ ಮಗುವಿಗೂ ಗೊತ್ತು. ಆದರೂ ಜನ ಕಂಬಳಿ ಹೊದ್ದು ಬೆಳಗಿನ ಜಾವದವರೆಗೆ ಕೂಡುತ್ತಾರೆ. ರಥದ ಗಾಲಿ ನೆಲದಲ್ಲಿ ಹೂತಾಗ ಅಯ್ಯೋ ಎನ್ನುತ್ತಾರೆ. ಒಮ್ಮೆ ತೊಟ್ಟ ಬಾಣವನ್ನು ಮರಳಿ ತೊಡುವುದಿಲ್ಲವೆಂದು ಕರ್ಣನು ಹಟ ಹಿಡಿದದ್ದೂ ಅವರಿಗೆ ಗೊತ್ತು. ಆದರೆ ಅವರ ಕೋಪ ಕರ್ಣನ ಮೇಲಲ್ಲ, ನಡುಯುದ್ಧದಲ್ಲಿ ರಥವನ್ನಿಳಿದು ಹೋದ ಶಲ್ಯನ ಮೇಲೆ. ಪ್ರೀತಿಸಿದವನ ಸೋಲಿಗೆ ಕಾರಣನಾಗಿ ಮತ್ತೊಬ್ಬನು ಬೇಕು. ಕಾಲ್ಚೆಂಡಿನ ಲೋಕದಲ್ಲಿ ಆ ಮತ್ತೊಬ್ಬನ ಸ್ಥಾನವನ್ನು ತರಬೇತುದಾರನಿಗೆ ಕೊಟ್ಟಿದ್ದಾರೆ. ಒಂದು ವ್ಯತ್ಯಾಸವುಂಟು: ಶಲ್ಯನು ತಾನಾಗಿ ಇಳಿದನು, ಇವರನ್ನು ಇಳಿಸುತ್ತಾರೆ.

ಇಳಿಸಿದ ಮಾತ್ರಕ್ಕೆ ಗಾಲಿ ಮೇಲೇಳುವುದೆಂಬ ನಿಯಮವಿಲ್ಲ. ಅದೇ ಸಾಲಿನಲ್ಲಿ, 2024ರ ಏಪ್ರಿಲ್ 11ರಂದು, ಅದೇ ಕಂಠೀರವದಲ್ಲಿ ಮೋಹನ್ ಬಗಾನ್ ತಂಡದ ಎದುರಿಗೆ ಮತ್ತೆ ನಾಲ್ಕಕ್ಕೆ ಸೊನ್ನೆ. ಹನ್ನೆರಡು ತಂಡಗಳಲ್ಲಿ ಬೆಂಗಳೂರಿನದು ಹತ್ತನೆಯ ಸ್ಥಾನದಲ್ಲಿ ನಿಂತಿತು. ಡಿಸೆಂಬರಿನ ರಾತ್ರಿ "ಇನ್ನು ಆ ಕಡೆ ತಲೆ ಹಾಕುವುದಿಲ್ಲ" ಎಂದು ಆಣೆಯಿಟ್ಟಿದ್ದ ನಮ್ಮ ಹುಡುಗ ಏಪ್ರಿಲಿನ ಆಟಕ್ಕೂ ಹೋಗಿದ್ದನೆಂದು ಬೇರೆ ಹೇಳಬೇಕಾಗಿಲ್ಲ. ಇಂಥ ಆಣೆಗಳು ಮುನಿಸಿಕೊಂಡು ತವರಿಗೆ ಹೊರಟ ಹೆಣ್ಣುಮಗಳ ಗಂಟಿನ ಹಾಗೆ. ಕಟ್ಟುವಾಗಲೇ ಬಿಚ್ಚುವುದಕ್ಕೆ ಅನುಕೂಲವಾಗಿ ಕಟ್ಟಿರುತ್ತಾರೆ.

ನಮ್ಮ ನೆರೆಯಲ್ಲಿ ವಕೀಲ ಮಿತ್ರರೊಬ್ಬರಿದ್ದಾರೆ. ಯಾವ ವಿಷಯವನ್ನಾದರೂ ಹಕ್ಕು ಬಾಧ್ಯತೆಗಳ ತಕ್ಕಡಿಯಲ್ಲಿ ತೂಗಿ ನೋಡುವುದು ಅವರ ಅಭ್ಯಾಸ. ಈ ವೃತ್ತಾಂತವನ್ನು ಕೇಳಿ ಅವರು, "ಸ್ವಾಮೀ, ಆ ತಂಡ ಯಾರದು? ಜೆ.ಎಸ್.ಡಬ್ಲ್ಯು. ಸಂಸ್ಥೆಯವರದು. ಹಣ ಹಾಕುವವರು ಅವರು, ಆಟಗಾರರನ್ನು ಕೊಳ್ಳುವವರು ಅವರು, ಬಿಡುವವರು ಅವರು. ನಿಮ್ಮ ಹುಡುಗನಿಗೆ ಇರುವ ಹಕ್ಕು ಒಂದು ಟಿಕೇಟಿನ ಮಟ್ಟಿಗೆ. ಅಂಗಡಿಯಲ್ಲಿ ಸರಕು ಚೆನ್ನಾಗಿಲ್ಲದಿದ್ದರೆ ಮುಂದಿನ ಅಂಗಡಿಗೆ ಹೋಗಬೇಕು. ಅಂಗಡಿಯ ಮುಂದೆ ನಿಂತು ಅಳುವುದುಂಟೆ?" ಎಂದರು.

ವಾದ ಗಟ್ಟಿಯಾದದ್ದು. ಆಟಗಾರರನ್ನು ನೋಡಿದರೂ ಅವರ ಮಾತಿಗೇ ಬಲ ಬರುತ್ತದೆ. ಎಲ್ಲಿಯ ಮಾಮರ, ಎಲ್ಲಿಯ ಕೋಗಿಲೆ! ಮೊದಲ ಸಾಲಿನಿಂದ ತಂಡದ ಕಣ್ಮಣಿಯಾದ ಸುನಿಲ್ ಛೇತ್ರಿಯವರು ಹುಟ್ಟಿದ್ದು ಸಿಕಂದರಾಬಾದಿನಲ್ಲಿ. ಗೋಲ್‌ಕೀಪರ್ ಗುರುಪ್ರೀತ್ ಸಿಂಗ್ ಸಂಧು ಅವರು ಪಂಜಾಬಿನವರು. 2019ರಲ್ಲಿ ಗೆಲುವಿನ ಗೋಲನ್ನು ಹೊಡೆದ ರಾಹುಲ್ ಭೇಕೆಯವರು 2023-24ರ ಸಾಲಿನಲ್ಲಿ ಮುಂಬಯಿ ಸಿಟಿ ತಂಡದವರಾಗಿದ್ದರು. ಇಂದು ನಮ್ಮವರು ನಾಳೆ ಅವರವರು. ನಿನ್ನೆ ಬಯ್ದವರನ್ನು ಇಂದು ಕೊಂಡಾಡಬೇಕು. ಹೀಗಿರುವಲ್ಲಿ ‘ನಮ್ಮ ತಂಡ’ ಎಂಬ ಮಾತಿಗೆ ಅರ್ಥವೇನು?

ಇದಕ್ಕೆ ಉತ್ತರವನ್ನು ನಾನು ಕಾನೂನಿನ ಪುಸ್ತಕದಲ್ಲಿ ಹುಡುಕಲಿಲ್ಲ. ನಮ್ಮ ಊರುಗಳ ರಥೋತ್ಸವದಲ್ಲಿ ಹುಡುಕಿದೆನು. ತೇರು ಯಾರದು? ದಾಖಲೆಯಲ್ಲಿ ಅದು ದೇವಸ್ಥಾನದ ಆಸ್ತಿ. ಅದನ್ನು ನೋಡಿಕೊಳ್ಳತಕ್ಕವರು ಧರ್ಮದರ್ಶಿಗಳು. ಹಗ್ಗ ಹಿಡಿದು ಎಳೆಯುವವನಿಗೆ ಅದರ ಒಂದು ಮೊಳೆಯ ಮೇಲೂ ಹಕ್ಕಿಲ್ಲ. ಆದರೂ ಅವನು ‘ನಮ್ಮೂರ ತೇರು’ ಎನ್ನುತ್ತಾನೆ, ಮತ್ತು ಹಾಗೆನ್ನುವುದಕ್ಕೆ ಯಾರ ಅಪ್ಪಣೆಯನ್ನೂ ಕೇಳುವುದಿಲ್ಲ. ತೇರು ನಡುಬೀದಿಯಲ್ಲಿ ಕಚ್ಚಿಕೊಂಡು ನಿಂತಾಗ ಗಾಲಿಗೆ ಮರ ಕೊಡುವವರ ಮೇಲೆ ಕೂಗಾಡುವವನೂ ಅವನೇ. ಆ ಕೂಗಾಟದಿಂದ ತೇರಿಗೆ ಅಪಚಾರವಾಯಿತೆಂದು ಯಾರೂ ತಿಳಿಯುವುದಿಲ್ಲ. ಏಕೆಂದರೆ ಕೂಗುವವನ ಕೈಯಲ್ಲಿ ಹಗ್ಗವಿದೆ. ಕೈಕಟ್ಟಿಕೊಂಡು ಜಗಲಿಯ ಮೇಲೆ ನಿಂತವನು ಕೂಗಿದರೆ ಮಾತ್ರ ಜನ ತಿರುಗಿ ನೋಡುತ್ತಾರೆ. ಸೋತ ತಂಡದ ಬೆಂಬಲಿಗನಿಗೆ ಬಯ್ಯುವ ಅಧಿಕಾರ ಎಲ್ಲಿಂದ ಬಂದಿತೆಂದರೆ, ಹಗ್ಗ ಹಿಡಿದದ್ದರಿಂದ ಬಂದಿತು. ಚಳಿಯಲ್ಲಿ ನಿಂತದ್ದರಿಂದ, ಮೂರನೆಯ ಗೋಲಾದ ಮೇಲೂ ತಮಟೆ ಬಾರಿಸಿದ್ದರಿಂದ ಬಂದಿತು.

ಹೀಗೆಂದ ಮಾತ್ರಕ್ಕೆ ಸಿಟ್ಟೆಲ್ಲವೂ ಪೂಜಾರ್ಹವೆಂದು ಅರ್ಥವಲ್ಲ. ಸಿಟ್ಟಿಗೂ ಒಂದು ಧರ್ಮವುಂಟು. ಅದನ್ನು ಮೀರಿದಾಗ ಏನಾಗುವುದೆಂಬುದನ್ನು ಕಲ್ಕತ್ತೆ ಕಂಡಿದೆ. 1975ರ ಸೆಪ್ಟೆಂಬರು 30ರಂದು ಐ.ಎಫ್‌.ಎ. ಷೀಲ್ಡಿನ ಕಡೆಯ ಪಂದ್ಯದಲ್ಲಿ ಈಸ್ಟ್ ಬೆಂಗಾಲ್ ತಂಡವು ಮೋಹನ್ ಬಗಾನನ್ನು ಐದಕ್ಕೆ ಸೊನ್ನೆಯಾಗಿ ಸೋಲಿಸಿತು. ಜನರ ಕೋಪಕ್ಕೆ ಹೆದರಿ ಸೋತ ತಂಡದ ಕೆಲವು ಆಟಗಾರರು ಗಂಗೆಯ ಮೇಲೆ ದೋಣಿಯಲ್ಲಿ ಆ ರಾತ್ರಿಯನ್ನು ಕಳೆದರೆಂದು ಅಲ್ಲಿ ಹೇಳುತ್ತಾರೆ. ಒಬ್ಬ ತರುಣ ಬೆಂಬಲಿಗನು ಆ ಸೋಲನ್ನು ತಾಳಲಾರದೆ ತನ್ನ ಪ್ರಾಣವನ್ನೇ ಕಳೆದುಕೊಂಡನು. ಅವನಿಗೂ ಒಂದು ಮನೆಯಿತ್ತು. ಆ ಮನೆಯಲ್ಲಿ ಅವನಿಗಾಗಿ ಕಾಯುತ್ತಿದ್ದವರಿದ್ದರು. ಐದು ವರ್ಷಗಳ ಮೇಲೆ, 1980ರ ಆಗಸ್ಟು 16ರಂದು, ಈಡನ್ ಗಾರ್ಡನಿನಲ್ಲಿ ಅದೇ ಎರಡು ತಂಡಗಳ ಆಟದ ವೇಳೆ ಗ್ಯಾಲರಿಯಲ್ಲಿ ಗಲಭೆಯೆದ್ದು, ನೂಕುನುಗ್ಗಲಿನಲ್ಲಿ 16 ಮಂದಿ ಸತ್ತರು. ಆಟ ನೋಡುವುದಕ್ಕೆಂದು ಮನೆಯಿಂದ ಹೊರಟವರು ಅವರು.

ಆದುದರಿಂದ ಗೆರೆ ಎಲ್ಲಿದೆಯೆಂಬುದನ್ನು ತಿಳಿದಿರಬೇಕು. ಆಟವನ್ನು ಬಯ್ಯಬಹುದು, ಆಟಗಾರನ ತಾಯಿಯನ್ನು ಬಯ್ಯಲಾಗದು. ಹಿಂಗಾವಲು ಏಕೆ ಒಡೆಯಿತೆಂದು ಕೇಳಬಹುದು. ಒಡೆದವನ ಮನೆಯ ಬಾಗಿಲಿಗೆ ಹೋಗಲಾಗದು. ಎದುರಾಳಿಯ ಬಣ್ಣ ತೊಟ್ಟವನು ತನ್ನಂತೆಯೇ ಇನ್ನೊಂದು ತೇರಿನ ಹಗ್ಗ ಹಿಡಿದವನೆಂಬುದನ್ನು ಮರೆಯಲಾಗದು. ಎಲ್ಲಕ್ಕಿಂತ ಹೆಚ್ಚಾಗಿ, ತಂಡವು ತನ್ನ ಬಾಳಿನ ಒಂದು ಭಾಗವೇ ಹೊರತು ಬಾಳೇ ತಂಡದ ಭಾಗವಲ್ಲವೆಂದು ತನಗೆ ತಾನೇ ಹೇಳಿಕೊಳ್ಳಬೇಕು. ನಮ್ಮ ಹುಡುಗನಿಗೆ ನಾನು ಹೇಳಿದ್ದು ಇಷ್ಟೇ: "ಸಿಟ್ಟು ಮಾಡು, ಅಡ್ಡಿಯಿಲ್ಲ. ಆದರೆ ರಾತ್ರಿ ಊಟ ಬಿಡಬೇಡ. ಬೆಳಗ್ಗೆ ಅಮ್ಮನಿಗೆ ಫೋನು ಮಾಡುವುದನ್ನು ಮರೆಯಬೇಡ." ಈ ಎರಡನ್ನೂ ಅವನು ಪಾಲಿಸಿಕೊಂಡು ಬಂದಿದ್ದಾನೆ.

ಸಿಟ್ಟಿನ ಅತಿರೇಕದಿಂದ ಆಗುವ ಕೇಡನ್ನು ಹೇಳಿದ್ದಾಯಿತು. ಸಿಟ್ಟೇ ಇಲ್ಲದಿದ್ದರೆ ಆಗುವ ಕೇಡು ಇನ್ನೊಂದುಂಟು. ಅದರಲ್ಲಿ ಸದ್ದಿಲ್ಲದ ಕಾರಣ ಅದನ್ನು ಯಾರೂ ಬರೆದಿಡುವುದಿಲ್ಲ.

ಕಾಲ್ಚೆಂಡಿನಾಟ ನಮ್ಮ ಸೀಮೆಗೆ 2013ರಲ್ಲಿ ಬಂದದ್ದಲ್ಲ. 1937ರಲ್ಲಿಯೇ ಬೆಂಗಳೂರು ಮುಸ್ಲಿಮ್ಸ್ ಎಂಬ ತಂಡವು ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದು, ಮರುವರ್ಷವೂ ಗೆದ್ದಿತ್ತು. ಗೌತಮಪುರ, ಆಸ್ಟಿನ್ ಟೌನುಗಳ ಓಣಿಗಳಲ್ಲಿ ಮಕ್ಕಳು ನಡೆಯುವುದರೊಂದಿಗೇ ಚೆಂಡೊದೆಯುವುದನ್ನೂ ಕಲಿಯುತ್ತಿದ್ದರು. ಮೈಸೂರು ಸಂಸ್ಥಾನದ ತಂಡವು ಸಂತೋಷ್ ಟ್ರೋಫಿಯನ್ನು 1946-47ರಲ್ಲಿ ಗೆದ್ದಿತು, 1952-53ರಲ್ಲಿ ಮತ್ತೊಮ್ಮೆ, ಮುಂದೆ ಮೈಸೂರು ರಾಜ್ಯದ ತಂಡವು 1967-68, 1968-69ರಲ್ಲಿ ಒಂದರ ಮೇಲೊಂದರಂತೆ ಗೆದ್ದಿತು. ಅದಾದ ಮೇಲೆ ಆ ಬಹುಮಾನ ನಮ್ಮ ನಾಡಿಗೆ ಮರಳಿ ಬಂದದ್ದು 2023ರ ಮಾರ್ಚಿ 4ರಂದು, ಸೌದಿ ಅರೇಬಿಯಾದ ರಿಯಾದಿನಲ್ಲಿ ಕರ್ನಾಟಕವು ಮೇಘಾಲಯವನ್ನು ಮೂರಕ್ಕೆ ಎರಡರಂತೆ ಸೋಲಿಸಿದಾಗ. ನಡುವೆ 54 ವರ್ಷಗಳು ಕಳೆದಿದ್ದವು. ಕೇಳುತ್ತೇನೆ: ಆ 54 ವರ್ಷಗಳಲ್ಲಿ ಅದಕ್ಕಾಗಿ ನಮ್ಮಲ್ಲಿ ಎಷ್ಟು ಮಂದಿ ಊಟ ಬಿಟ್ಟರು? ಎಷ್ಟು ಮಂದಿ ಮೆಟ್ಟಿಲಿಳಿಯುವಾಗ ಬಯ್ದುಕೊಂಡು ಇಳಿದರು? ನನ್ನ ವಕೀಲ ಮಿತ್ರರು ಸಂಸ್ಥಾನದ ಕಾಲದ ಗೆಲುವನ್ನೂ ಅರಿಯರು, ರಿಯಾದಿನ ಗೆಲುವನ್ನೂ ಅರಿಯರು. ಸೋಲಿಗೆ ಬಯ್ಯುವವರಿಲ್ಲದ ಮನೆಯಲ್ಲಿ ಗೆಲುವಿಗೆ ತೋರಣ ಕಟ್ಟುವವರೂ ಇರುವುದಿಲ್ಲ.

ಕಾರ್ಖಾನೆಗಳು ಸಾಕಿದ ತಂಡಗಳ ಗತಿಯೂ ಹಾಗೆಯೇ. ಬೆಂಗಳೂರಿನ ಎಚ್.ಎ.ಎಲ್. ತಂಡವು ಐ-ಲೀಗಿನಲ್ಲಿ ಆಡುತ್ತಿದ್ದು 2012ರಲ್ಲಿ ಕೆಳಗಿಳಿಯಿತು. ಮುಂಬಯಿಯ ಮಹೀಂದ್ರ ಯುನೈಟೆಡ್ ತಂಡವನ್ನು 2010ರಲ್ಲಿ ಮುಚ್ಚಿದರು. 1996-97ರಲ್ಲಿ ಮೊಟ್ಟಮೊದಲನೆಯ ರಾಷ್ಟ್ರೀಯ ಲೀಗನ್ನು ಗೆದ್ದ ಪಂಜಾಬಿನ ಜೆ.ಸಿ.ಟಿ. ತಂಡವನ್ನು 2011ರಲ್ಲಿ ವಿಸರ್ಜಿಸಿದರು. ಸೋಲು ಒಂದರಿಂದಲೇ ತಂಡ ಸಾಯುವುದಿಲ್ಲ. ಹಣ ಹಾಕುವವನಿಗೆ ಬೇಸರವಾಗಿ, ಆ ಬೇಸರವನ್ನು ಪ್ರಶ್ನಿಸುವ ದನಿ ಸಾಕಷ್ಟಿಲ್ಲದಾಗ ಅದು ಸಾಯುತ್ತದೆ.

ಆಟಗಾರರಿಗೆ ಈ ಸಂಗತಿ ನಮಗಿಂತ ಚೆನ್ನಾಗಿ ಗೊತ್ತು. 2018ರ ಜೂನ್ 1ರಂದು ಮುಂಬಯಿಯಲ್ಲಿ ಭಾರತವು ಚೈನೀಸ್ ತೈಪೆಯನ್ನು ಐದಕ್ಕೆ ಸೊನ್ನೆಯಾಗಿ ಸೋಲಿಸಿತು. ಛೇತ್ರಿಯವರೊಬ್ಬರೇ ಮೂರು ಗೋಲು ಹೊಡೆದರು. ನೋಡಿದವರು 2,569 ಮಂದಿ. ಮರುದಿನ ಛೇತ್ರಿಯವರು ಜನರನ್ನುದ್ದೇಶಿಸಿ ಒಂದು ಚಿತ್ರಮುದ್ರಿಕೆಯಲ್ಲಿ ಮಾತನಾಡಿದರು. ನಮ್ಮನ್ನು ಹೊಗಳಿರೆಂದು ಅವರು ಕೇಳಲಿಲ್ಲ. ಬಯ್ಯುವುದಾದರೂ ಸರಿ, ಕ್ರೀಡಾಂಗಣಕ್ಕೆ ಬಂದು ನಮ್ಮ ಮುಖದೆದುರಿಗೇ ಬಯ್ಯಿರೆಂದು ಕೈಮುಗಿದು ಕೇಳಿದರು. ಐದು ಗೋಲುಗಳಿಂದ ಗೆದ್ದ ತಂಡದ ನಾಯಕನಿಗೆ ಬೇಕಾಗಿದ್ದದ್ದು ಬಯ್ಗುಳ! ಮೂರು ದಿನಗಳ ಮೇಲೆ ಕೀನ್ಯಾದ ಎದುರಿನ ಆಟಕ್ಕೆ ಟಿಕೇಟುಗಳೆಲ್ಲ ಮಾರಿಹೋದವು. ಬರಿಯ ಕುರ್ಚಿಗಳ ಮುಂದೆ ಗೆಲ್ಲುವುದಕ್ಕಿಂತ ತುಂಬಿದ ಗ್ಯಾಲರಿಯ ಮುಂದೆ ಬಯ್ಯಿಸಿಕೊಳ್ಳುವುದು ಮೇಲೆಂದು ಬಲ್ಲವರೇ ಹೇಳಿದ ಮೇಲೆ, ಹುಡುಗರ ಸಿಟ್ಟನ್ನು ನಾವೇಕೆ ಹಳಿಯಬೇಕು?

ಹತ್ತನೆಯ ಸ್ಥಾನಕ್ಕಿಳಿದ ಬೆಂಗಳೂರಿನ ತಂಡ 2024-25ರಲ್ಲಿ ಮತ್ತೆ ಮೇಲೆದ್ದಿತು. 2025ರ ಏಪ್ರಿಲ್ 12ರಂದು ಕಲ್ಕತ್ತೆಯಲ್ಲಿ ಕಡೆಯ ಪಂದ್ಯವನ್ನಾಡಿ, ಹೆಚ್ಚುವರಿ ಸಮಯದಲ್ಲಿ ಮೋಹನ್ ಬಗಾನಿಗೆ ಎರಡಕ್ಕೆ ಒಂದರಂತೆ ಸೋತಿತು. ಆ ರಾತ್ರಿ ಹುಡುಗನಿಗೆ ದುಃಖವಿತ್ತು, ಸಿಟ್ಟಿರಲಿಲ್ಲ. ಹೋರಾಡಿ ಸೋಲುವುದಕ್ಕೂ ಸುಮ್ಮನೆ ಸೋಲುವುದಕ್ಕೂ ಇರುವ ಅಂತರವನ್ನು ಗ್ಯಾಲರಿಯ ಜನ ಬಹು ಸೂಕ್ಷ್ಮವಾಗಿ ಬಲ್ಲರು. ಅವರು ಕೇಳುವುದು ಗೆಲುವನ್ನೇ ಅಲ್ಲ. ತಾವು ಪಡುವ ಪಾಡಿಗೆ ಸಮನಾದ ಪಾಡನ್ನು ಹುಲ್ಲಿನ ಮೇಲಿದ್ದವರೂ ಪಡಲೆಂದು ಕೇಳುತ್ತಾರೆ.

ಆಮೇಲೆ ಬಂದದ್ದು ಯಾವ ಸೋಲಿಗಿಂತಲೂ ದೊಡ್ಡ ಸಂಕಟ. ಲೀಗನ್ನು ನಡೆಸುವ ಹಕ್ಕಿನ ಕರಾರು 2025ರ ಡಿಸೆಂಬರಿನಲ್ಲಿ ಮುಗಿಯುವುದಿತ್ತು. ಅದನ್ನು ಹೊಸದಾಗಿ ಮಾಡಿಕೊಳ್ಳುವ ವಿಷಯದಲ್ಲಿ ರಾಷ್ಟ್ರೀಯ ಫೆಡರೇಶನ್ನಿಗೂ ಲೀಗನ್ನು ನಡೆಸುತ್ತಿದ್ದ ಸಂಸ್ಥೆಗೂ ಇತ್ಯರ್ಥವಾಗದೆ, ಜುಲೈಯಲ್ಲಿ ಲೀಗನ್ನು ತಡೆಹಿಡಿದರು. ಆಗಸ್ಟಿನಲ್ಲಿ ಬೆಂಗಳೂರಿನ ತಂಡವು ತನ್ನ ಮುಖ್ಯ ಆಟಗಾರರ ಮತ್ತು ಸಿಬ್ಬಂದಿಯ ವೇತನವನ್ನು ಅನಿರ್ದಿಷ್ಟ ಕಾಲದವರೆಗೆ ನಿಲ್ಲಿಸಿರುವುದಾಗಿ ಪ್ರಕಟಿಸಿತು. ಸೆಪ್ಟೆಂಬರು ಬಂದಿತು, ಲೀಗು ಬರಲಿಲ್ಲ. ದಸರೆ ಕಳೆಯಿತು, ದೀಪಾವಳಿ ಕಳೆಯಿತು. ಗೋವೆಯಲ್ಲಿ ನಡೆದ ಸೂಪರ್ ಕಪ್ಪಿನ ಆಟಗಳನ್ನು ಬಿಟ್ಟರೆ ಆ ತಿಂಗಳುಗಳಲ್ಲಿ ಹುಡುಗನಿಗೆ ನೋಡುವುದಕ್ಕೆ ಏನೂ ಇರಲಿಲ್ಲ. ನಾನು ಅವನಲ್ಲಿಗೆ ಹೋದಾಗ ಆ ನೀಲಿಯ ಅಂಗಿ ಇಸ್ತ್ರಿಯಾಗಿ ಬೀರುವಿನಲ್ಲಿ ತೂಗುತ್ತಿತ್ತು. ಶನಿವಾರದ ಸಂಜೆಗಳಲ್ಲಿ ಹುಡುಗ ಸಕಾಲಕ್ಕೆ ಊಟ ಮಾಡುತ್ತಿದ್ದನು, ಸಕಾಲಕ್ಕೆ ಮಲಗುತ್ತಿದ್ದನು, ಯಾರ ಮೇಲೂ ಸಿಡುಕುತ್ತಿರಲಿಲ್ಲ. ಅವನ ತಾಯಿಗೆ ಇದು ಸಂತೋಷದ ಸಂಗತಿಯಾಗಿರಬೇಕಾಗಿತ್ತು. ಆದರೆ ನಮ್ಮತ್ತಿಗೆ ನನ್ನನ್ನು ಕರೆದು, "ಇವನೇಕೆ ಹೀಗೆ ಮಂಕಾಗಿದ್ದಾನೆ? ಮೊದಲಿನ ಹಾಗೆ ಕೂಗಾಡುವುದೇ ಇಲ್ಲವಲ್ಲ!" ಎಂದು ಚಿಂತೆಪಟ್ಟರು.

ಒಂದು ರಾತ್ರಿ ಮಾತಿಗೆ ಮಾತು ಬಂದು, ಮುಂಬಯಿಯವರು ನಾಲ್ಕು ಗೋಲು ಹೊಡೆದ ಆ ಶುಕ್ರವಾರದ ಪ್ರಸ್ತಾಪವಾಯಿತು. ಹುಡುಗ ತಟ್ಟೆಯ ಮೇಲೆ ಕೈಯಿಟ್ಟುಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದನು. ಆಮೇಲೆ, "ಈಗ ಹಾಗೆ ಸೋಲುವುದಕ್ಕಾದರೂ ಒಂದು ಆಟವಿದ್ದಿದ್ದರೆ ಚೆನ್ನಾಗಿತ್ತು ಚಿಕ್ಕಪ್ಪ" ಎಂದನು.

ಸೋಲಿನಲ್ಲಿಯೂ ಒಂದು ಭಾಗ್ಯವುಂಟೆಂಬುದನ್ನು ವೇದಾಂತಿಗಳು ಹೇಳಿದ್ದನ್ನು ಕೇಳಿದ್ದೇನೆ. ಆದರೆ ಅವರು ಹೇಳುವುದು ಆತ್ಮದ ಮಾತು. ಇದು ಅಷ್ಟು ದೊಡ್ಡದಲ್ಲ. ತನ್ನದೆಂದು ತಿಳಿದ ವಸ್ತುವೊಂದು ಲೋಕದಲ್ಲಿ ಇದೆ, ನಾಳೆಯೂ ಇರುತ್ತದೆ, ಬಯ್ದರೆ ಬಯ್ಯಿಸಿಕೊಳ್ಳುತ್ತದೆ ಎಂಬ ನೆಮ್ಮದಿ, ಅಷ್ಟೇ. ಮನೆಯ ಹಿರಿಯರನ್ನು ಕಳೆದುಕೊಂಡವರನ್ನು ಕೇಳಿ ನೋಡಿ. ಅವರಿಗೆ ನೆನಪಾಗುವುದು ಹಿರಿಯರು ಹರಸಿದ ದಿನಗಳೊಂದೇ ಅಲ್ಲ. ಅವರೊಡನೆ ಜಗಳವಾಡಿದ ದಿನಗಳೂ ಅಷ್ಟೇ ಪ್ರಿಯವಾಗಿ ನೆನಪಾಗುತ್ತವೆ. ಜಗಳಕ್ಕೆ ಇನ್ನೊಬ್ಬರು ಬೇಕಲ್ಲವೆ?

2026ರ ಜನವರಿಯಲ್ಲಿ, ಹದಿನಾಲ್ಕು ತಂಡಗಳೂ ಸೇರಿ ಫೆಬ್ರವರಿ 14ರಿಂದ ಲೀಗು ನಡೆಯುವುದೆಂದು ಕೇಂದ್ರದ ಕ್ರೀಡಾಮಂತ್ರಿಗಳು ಪ್ರಕಟಿಸಿದರು. ಆ ಸಂಜೆ ನಾನು ದೀಪ ಹಚ್ಚಿ ಪತ್ರಿಕೆ ಬಿಡಿಸುವಷ್ಟರಲ್ಲಿ ಫೋನು ಬಂದಿತು. ಹುಡುಗನ ದನಿ ಗಟ್ಟಿಯಾಗಿತ್ತು. ಕುಶಲಪ್ರಶ್ನೆಯಿಲ್ಲ, ಪೀಠಿಕೆಯಿಲ್ಲ. "ನೋಡಿದಿರಾ ಚಿಕ್ಕಪ್ಪ? ತಯಾರಿಗೆ ದಿನವೇ ಇಲ್ಲ. ಈ ಹಿಂಗಾವಲನ್ನು ಇಟ್ಟುಕೊಂಡು ಇವರು ಏನು ಆಡುತ್ತಾರೆ? ಮತ್ತೆ ನಾವು ತಲೆ ತಗ್ಗಿಸಿಕೊಂಡು ಬರುವುದೇ ಸರಿ" ಎಂದು ಆರಂಭಿಸಿ, ಕಾಲು ಗಂಟೆಯ ಹೊತ್ತು ಒಬ್ಬೊಬ್ಬರನ್ನೂ ಹೆಸರು ಹಿಡಿದು ಬಯ್ದನು. ನಾನು ನಡುವೆ ಒಂದು ಮಾತನ್ನೂ ಆಡದೆ ಕೇಳಿಸಿಕೊಂಡೆನು. ಮುಗಿದ ಮೇಲೆ ಒಳಗೆ ಹೋಗಿ, ಹುಡುಗ ಚೆನ್ನಾಗಿದ್ದಾನೆಂದು ಮನೆಯವರಿಗೆ ಹೇಳಿದೆನು.